‘ಬಹುದು’ ಒಂದೇ, ಇಂಗ್ಲಿಷಿನಲ್ಲಿ ದಾರಿ ಹಲವು: ಕ್ಯಾನ್, ಕುಡ್, ಮೇ, ಮೈಟ್ ಬಳಸಲು ಸಮಗ್ರ ಮಾರ್ಗದರ್ಶಿ

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಂಡ್ಯದ ಒಂದು ಗೋದಾಮಿನಲ್ಲಿ ಲಾರಿ ಕಳಿಸುವ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಒಂದು ಸಂಜೆ ಚೆನ್ನೈನ ಗಿರಾಕಿಯೊಬ್ಬರು ಮಾಲು ಯಾವಾಗ ಬರುತ್ತೆ ಅಂತ ಮೇಲ್ ಹಾಕಿದರು. ಲಾರಿಗೆ ಇನ್ನೂ ಲೋಡೇ ಆಗಿರಲಿಲ್ಲ, ಡ್ರೈವರ್ ಹಬ್ಬಕ್ಕೆ ಊರಿಗೆ ಹೋಗಿದ್ದ. ನನ್ನ ಮನಸ್ಸಿನಲ್ಲಿದ್ದದ್ದು ‘ನಾಳೆ ಬರಬಹುದು, ನೋಡೋಣ’ ಅಂತ. ಬರೆದದ್ದು ಮಾತ್ರ ಹೀಗೆ: ‘ದಿ ಲಾರಿ ಕ್ಯಾನ್ ರೀಚ್ ಟುಮಾರೊ.’ ಅವರು ನಾಲ್ಕು ಜನ ಹಮಾಲಿಗಳನ್ನು ಬೆಳಗ್ಗೆಯಿಂದ ಸಂಜೆವರೆಗೆ ಕೂರಿಸಿಕೊಂಡು ಕಾದರು. ಮಾರನೇ ದಿನ ಕೂಲಿಯ ಬಿಲ್ಲು ನಮ್ಮ ಆಫೀಸಿಗೆ ಬಂತು.

ಮ್ಯಾನೇಜರ್ ಕರೆದರು. ‘ಬರಬಹುದು ಅಂತ ತಾನೆ ಸಾರ್ ನಾನು ಬರೆದಿದ್ದು?’ ಅಂದೆ. ‘ಬರಬಹುದು ಅಂತಲ್ಲ ಕಣಯ್ಯ, ಬರೋಕಾಗುತ್ತೆ ಅಂತ ಬರೆದಿದ್ದೀಯ’ ಅಂದರು.

ಆ ಒಂದು ಮಾತಿನಲ್ಲಿ ಇಡೀ ಪಾಠ ಇದೆ. ನಮ್ಮ ‘ಬಹುದು’ ಬಹಳ ಉದಾರಿ ಪದ. ಅನುಮತಿಗೂ ಅದೇ, ಅನುಮಾನಕ್ಕೂ ಅದೇ, ಯಾವಾಗಲಾದರೂ ಆಗುವಂಥದ್ದಕ್ಕೂ ಅದೇ. ಶಾಲೆಯಲ್ಲಿ ‘ಕ್ಯಾನ್ ಅಂದರೆ ಬಹುದು, ಮೇ ಅಂದರೂ ಬಹುದು’ ಅಂತ ಬರೆಸಿ ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ. ಈಗ ಸಂಜೆ ಹೊತ್ತು ಡಿಗ್ರಿ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುವಾಗ ನಾನು ದಾರಿಯನ್ನು ತಿರುಗಿಸಿದ್ದೇನೆ. ಇಂಗ್ಲಿಷ್ ಪದದಿಂದ ಹೊರಡುವುದಿಲ್ಲ, ನಾವು ಮನೆಯಲ್ಲಿ ಆಡುವ ಕನ್ನಡ ಮಾತಿನಿಂದ ಹೊರಡುತ್ತೇನೆ. ಕನ್ನಡದಲ್ಲಿ ಏನು ಹೇಳುತ್ತಿದ್ದೇವೆ ಎಂಬುದು ಸ್ಪಷ್ಟವಾದರೆ ಯಾವ ಇಂಗ್ಲಿಷ್ ಪದ ಬೇಕು ಎಂಬುದು ಮುಕ್ಕಾಲು ಪಾಲು ತಾನಾಗಿ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ಸೀಟಿಗೆ ಒಂದೇ ಟವೆಲ್

ಮೈಸೂರಿನ ಬಸ್ ನಿಲ್ದಾಣದಲ್ಲಿ ಹಬ್ಬದ ಹಿಂದಿನ ದಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೋಡಿದ್ದೀರಲ್ಲ? ಇಂಗ್ಲಿಷ್ ವಾಕ್ಯದಲ್ಲೂ ಮುಖ್ಯ ಕ್ರಿಯಾಪದದ ಮುಂದೆ ಅಂಥ ಒಂದು ಸೀಟಿದೆ. ಕ್ಯಾನ್, ಕುಡ್, ಮೇ, ಮೈಟ್, ವಿಲ್, ವುಡ್, ಶುಡ್, ಮಸ್ಟ್ ಇವೆಲ್ಲ ಆ ಸೀಟಿಗೆ ಬೀಳುವ ಟವೆಲ್‌ಗಳು. ಇವಕ್ಕೆ ಮೋಡಲ್ ವರ್ಬ್ ಅನ್ನುತ್ತಾರೆ. ಒಂದು ಸೀಟಿಗೆ ಒಂದೇ ಟವೆಲ್. ‘ಐ ವಿಲ್ ಕ್ಯಾನ್ ಕಮ್’, ‘ಐ ಮೇ ಕ್ಯಾನ್ ಡೂ’ ಅಂದರೆ ಎರಡು ಟವೆಲ್ ಬಿತ್ತು, ಜಗಳ ಶುರುವಾಯಿತು.

ಹಾಗಾದರೆ ‘ಮಾಡೋಕೆ ಆಗಬಹುದು’ ಅನ್ನುವುದು ಹೇಗೆ? ಅಲ್ಲಿ ‘ಏಬಲ್ ಟು’ ಸಹಾಯಕ್ಕೆ ಬರುತ್ತದೆ. ಏಬಲ್ ಟವೆಲ್ ಅಲ್ಲ, ಅದು ‘ರೆಡಿ’ ಥರದ ಪದ. ನಮ್ಮ ಕಡೆ ಅತಿ ಹೆಚ್ಚು ಕೇಳಿಬರುವ ತಪ್ಪು ‘ಐ ಕ್ಯಾನ್ ಏಬಲ್ ಟು’. ಇದು ಬಾಯಿಗೆ ಬಂದಾಗಲೆಲ್ಲ ಏಬಲ್ ಇರುವಲ್ಲಿ ರೆಡಿ ಹಾಕಿ ನೋಡಿ: ‘ಐ ಕ್ಯಾನ್ ರೆಡಿ ಟು’. ಕಿವಿಗೇ ಸರಿಹೋಗುವುದಿಲ್ಲ. ‘ಐ ಆಮ್ ರೆಡಿ ಟು’ ಸರಿ, ಹಾಗೆಯೇ ‘ಐ ಆಮ್ ಏಬಲ್ ಟು’ ಸರಿ. ‘ಐ ವಿಲ್ ಬಿ ರೆಡಿ’ ಸರಿ, ‘ಐ ವಿಲ್ ಬಿ ಏಬಲ್ ಟು’ ಕೂಡ ಸರಿ. ‘ಮಾಡೋಕೆ ಆಗಬಹುದು’ ಎಂಬುದು ‘ಐ ಮೈಟ್ ಬಿ ಏಬಲ್ ಟು ಡೂ ಇಟ್’.

ಇನ್ನೊಂದು ಅನುಕೂಲ ನಮಗಿದೆ. ನಾನು ಹೋಗಬಹುದು, ಅವಳು ಹೋಗಬಹುದು, ಅವರು ಹೋಗಬಹುದು: ಯಾರು ಬಂದರೂ ‘ಬಹುದು’ ಅಲ್ಲಾಡುವುದಿಲ್ಲ. ಕ್ಯಾನ್ ಕೂಡ ಅಷ್ಟೇ. ಅದರ ಹಿಂದೆ ಬರುವ ಕ್ರಿಯಾಪದವೂ ಬೋಳಾಗಿಯೇ ಇರಬೇಕು. ‘ಶೀ ಕ್ಯಾನ್ ಸಿಂಗ್ಸ್’ ಅಲ್ಲ, ‘ಶೀ ಕ್ಯಾನ್ ಟು ಸಿಂಗ್’ ಅಲ್ಲ, ‘ಶೀ ಕುಡ್ ಸ್ಯಾಂಗ್’ ಅಲ್ಲ. ಪ್ರಶ್ನೆಗೆ ಜಾಗ ಅದಲುಬದಲು ಮಾಡಿದರೆ ಸಾಕು, ‘ಡೂ ಯು ಕ್ಯಾನ್’ ಬೇಕಿಲ್ಲ. ‘ಇಲ್ಲ’ ಅನ್ನಲು ಹಿಂದೆ ‘ನಾಟ್’. ‘ಕೆನಾಟ್’ ಒಂದನ್ನು ಮಾತ್ರ ಕೂಡಿಸಿ ಒಂದೇ ಪದವಾಗಿ ಬರೆಯುತ್ತಾರೆ. ರೂಪದ ಬಗ್ಗೆ ಇಷ್ಟು ಸಾಕು.

ಎರಡನೇ ಹೆಜ್ಜೆ: ಬರುತ್ತೆ, ಆಗುತ್ತೆ, ಬಲ್ಲೆ

ಸಾಮರ್ಥ್ಯ ಹೇಳಲು ನಾವು ‘ಬಹುದು’ ಅಷ್ಟಾಗಿ ಬಳಸುವುದೇ ಇಲ್ಲ, ಗಮನಿಸಿದ್ದೀರಾ? ‘ನಂಗೆ ಈಜು ಬರುತ್ತೆ’ ಅಂದರೆ ಕಲಿತದ್ದು. ‘ನಾಳೆ ಐದು ಗಂಟೆಗೆ ಬರೋಕಾಗುತ್ತೆ’ ಅಂದರೆ ಸಮಯ, ಪುರುಸೊತ್ತು, ಅನುಕೂಲ ಕೂಡಿಬಂದದ್ದು. ‘ಬಲ್ಲೆ’ ಬರವಣಿಗೆಯ ಮಾತು, ಭಾಷಣದ ಮಾತು. ಈ ಮೂರಕ್ಕೂ ಇಂಗ್ಲಿಷಿನಲ್ಲಿ ಕ್ಯಾನ್ ಒಂದೇ ಸಾಕು.

ತೊಂದರೆ ‘ಬರುತ್ತೆ’ಯಲ್ಲಿದೆ. ಅದನ್ನು ನಾವು ‘ಐ ನೋ’ ಮಾಡಿಬಿಡುತ್ತೇವೆ: ‘ಐ ನೋ ಡ್ರೈವಿಂಗ್’, ‘ಐ ನೋ ಸ್ವಿಮ್ಮಿಂಗ್’. ನಮ್ಮ ದೇಶದಲ್ಲಿ ಇದು ಅರ್ಥವಾಗುತ್ತದೆ, ಯಾರೂ ಬೈಯುವುದಿಲ್ಲ. ಆದರೆ ಸಂದರ್ಶನದಲ್ಲಿ ‘ಐ ಕ್ಯಾನ್ ಡ್ರೈವ್’, ‘ಐ ಕ್ಯಾನ್ ಟೈಪ್ ಇನ್ ಕನ್ನಡ’ ಅನ್ನಿ. ತಮಾಷೆಯೆಂದರೆ ‘ಬಲ್ಲೆ’ಗೆ ‘ಗೊತ್ತಿದೆ’ ಎಂಬ ಅರ್ಥವೂ ಇದೆ, ‘ನಾನವನನ್ನು ಬಲ್ಲೆ’ ಅನ್ನುತ್ತೇವಲ್ಲ ಹಾಗೆ. ಇಂಗ್ಲಿಷಿನ ಕ್ಯಾನ್ ಹುಟ್ಟಿದ್ದೂ ‘ತಿಳಿ’ ಎಂಬ ಅರ್ಥದ ಹಳೆಯ ಕ್ರಿಯಾಪದದಿಂದಲೇ. ‘ಕನ್ನಿಂಗ್’ ಎಂಬ ಪದವೂ ಅದೇ ಮನೆತನದ್ದು. ಅಂದಮೇಲೆ ‘ಐ ನೋ’ ಅನ್ನುವ ಹುಡುಗನ ತಪ್ಪು ಸಾವಿರ ವರ್ಷ ಹಳೆಯ ಬುದ್ಧಿವಂತಿಕೆಯೇ, ಈಗ ಚಲಾವಣೆಯಲ್ಲಿಲ್ಲ ಅಷ್ಟೆ.

ಮುಂದಿನ ಕಾಲದಲ್ಲಿ ಸ್ವಲ್ಪ ಎಚ್ಚರ. ‘ನಾಳೆ ಸಿಗೋಕಾಗುತ್ತೆ’ ಎಂದು ಇವತ್ತೇ ತೀರ್ಮಾನ ಆಗಿದ್ದರೆ ‘ಐ ಕ್ಯಾನ್ ಮೀಟ್ ಯು ಟುಮಾರೊ’ ಸರಿಯೇ. ಈಗ ಬರದ ವಿದ್ಯೆ ಮುಂದೆ ಬರುವುದಾದರೆ ಕ್ಯಾನ್ ಆಗದು. ಕಾರು ಕಲಿಯಲು ಈಗಷ್ಟೇ ಸೇರಿದವರು ‘ಐ ವಿಲ್ ಬಿ ಏಬಲ್ ಟು ಡ್ರೈವ್ ಬೈ ದಸರಾ’ ಅನ್ನಬೇಕು. ‘ಇನ್ನೂ ಮಾಡೋಕಾಗಿಲ್ಲ’ ಎಂಬ ನಮ್ಮ ನಿತ್ಯದ ನೆಪಕ್ಕೆ ಇಂಗ್ಲಿಷ್ ಹೀಗೆ: ‘ಐ ಹ್ಯಾವ್ ನಾಟ್ ಬೀನ್ ಏಬಲ್ ಟು ಡೂ ಇಟ್ ಯೆಟ್.’ ಆಫೀಸಿನಲ್ಲಿ ವಾರಕ್ಕೆ ಮೂರು ಸಲವಾದರೂ ಬೇಕಾಗುತ್ತದೆ, ಬಾಯಿಪಾಠ ಮಾಡಿಟ್ಟುಕೊಳ್ಳಿ.

ಕಣ್ಣು ಕಿವಿಯ ವಿಷಯದಲ್ಲಿ ಇನ್ನೊಂದು ಅಭ್ಯಾಸ. ‘ಕೇಳಿಸ್ತಾ ಇದೆಯಾ?’ ಎಂಬುದನ್ನು ‘ಆರ್ ಯು ಹಿಯರಿಂಗ್ ಮಿ?’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಈ ಜಾಗಕ್ಕೆ ಕ್ಯಾನ್ ಬರುತ್ತದೆ: ‘ಕ್ಯಾನ್ ಯು ಹಿಯರ್ ಮಿ?’ ಭಾನುವಾರ ಸಂಜೆ ದೀಪ ಹತ್ತಿದ ಅರಮನೆ ಮುಂದೆ ನಿಂತು ಫೋನಿನಲ್ಲಿ ವರ್ಣಿಸುವಾಗ ‘ಐ ಆಮ್ ಸೀಯಿಂಗ್’ ಬೇಡ, ‘ಐ ಕ್ಯಾನ್ ಸೀ ದಿ ಪ್ಯಾಲೇಸ್ ಲೈಟ್ಸ್ ಫ್ರಮ್ ಹಿಯರ್’.

ಮೂರನೇ ಹೆಜ್ಜೆ: ‘ಆಗ್ತಿತ್ತು’ ಬೇರೆ, ‘ಆಯ್ತು’ ಬೇರೆ

ಕ್ಯಾನ್‌ನ ಭೂತಕಾಲ ಕುಡ್ ಅಂತ ಎಲ್ಲರಿಗೂ ಗೊತ್ತು. ಅದರ ನಡುವಿನ ‘ಎಲ್’ ಅಕ್ಷರ ಬಾಯಲ್ಲಿ ಬರುವುದಿಲ್ಲ. ಮೂಲದಲ್ಲಿ ಅಲ್ಲಿ ಎಲ್ ಇರಲೇ ಇಲ್ಲ, ವುಡ್, ಶುಡ್‌ಗಳನ್ನು ನೋಡಿ ಇದಕ್ಕೂ ಒಂದು ಅಂಟಿಸಿದರು. ಗೊತ್ತಿಲ್ಲದೆ ಕೈ ಸುಡುವ ಜಾಗ ಇದಲ್ಲ, ಬೇರೆ.

ಚಾಮುಂಡಿ ಬೆಟ್ಟದ ಮೆಟ್ಟಿಲು ತೆಗೆದುಕೊಳ್ಳಿ. ‘ಕಾಲೇಜಿನಲ್ಲಿದ್ದಾಗ ನಂದಿಯವರೆಗೆ ನಿಲ್ಲದೆ ಹತ್ತೋಕೆ ಆಗ್ತಿತ್ತು.’ ಇದು ಆ ಕಾಲದ ಕಸುವು, ಯಾವ ದಿನ ಬೇಕಾದರೂ ಆಗುತ್ತಿತ್ತು. ಇಲ್ಲಿ ಕುಡ್: ‘ಐ ಕುಡ್ ಕ್ಲೈಂಬ್ ಅಪ್ ಟು ನಂದಿ ವಿದೌಟ್ ಸ್ಟಾಪಿಂಗ್.’ ಈಗ ಇನ್ನೊಂದು: ‘ಮೊನ್ನೆ ಮಂಡಿ ನೋವಿದ್ದರೂ ಹತ್ತೋಕಾಯ್ತು.’ ಇದು ಒಂದು ಸಲ, ಒಂದು ದಿನ, ಕಷ್ಟಪಟ್ಟು ಸಾಧಿಸಿದ್ದು. ಇಲ್ಲಿ ಕುಡ್ ಹಾಕಿದರೆ ಇಂಗ್ಲಿಷ್ ಮಾತೃಭಾಷೆಯವರಿಗೆ ವಾಕ್ಯ ಅರ್ಧಕ್ಕೆ ನಿಂತಂತೆ ಕೇಳುತ್ತದೆ, ‘ಹತ್ತಬಹುದಿತ್ತು, ಹತ್ತಿದೆಯೋ ಇಲ್ಲವೋ?’ ಅನ್ನುವ ಹಾಗೆ. ‘ಐ ವಾಸ್ ಏಬಲ್ ಟು ಕ್ಲೈಂಬ್’ ಅಥವಾ ‘ಐ ಮ್ಯಾನೇಜ್ಡ್ ಟು ಕ್ಲೈಂಬ್’ ಅನ್ನಬೇಕು.

‘ಆಗ್ತಿತ್ತು’ ಅಂದರೆ ಕುಡ್, ‘ಆಯ್ತು’ ಅಂದರೆ ವಾಸ್ ಏಬಲ್ ಟು. ವ್ಯಾಕರಣದ ಪುಸ್ತಕಗಳು ಇದನ್ನು ಪುಟಗಟ್ಟಲೆ ವಿವರಿಸುತ್ತವೆ. ನಮಗೆ ಈ ವ್ಯತ್ಯಾಸ ಹುಟ್ಟಿನಿಂದಲೇ ಗೊತ್ತು, ಆದರೆ ಯಾರೂ ನೆನಪಿಸಿಲ್ಲ.

ಜಂಬೂಸವಾರಿಯ ಅಂಬಾರಿ 750 ಕೆಜಿ ತೂಕದ್ದು. 2012ರಿಂದ 2019ರವರೆಗೆ ಆನೆ ಅರ್ಜುನ ಅದನ್ನು ಹೊತ್ತ. ಅವನ ಬಲದ ಮಾತಾದರೆ ‘ಅರ್ಜುನ ಕುಡ್ ಕ್ಯಾರಿ 750 ಕಿಲೋಸ್’. 2020ರಲ್ಲಿ ಅಭಿಮನ್ಯು ಮೊದಲ ಸಲ ಅಂಬಾರಿ ಹೊತ್ತಾಗ ‘ಅಭಿಮನ್ಯು ಕುಡ್ ಕ್ಯಾರಿ ಇಟ್ ದಟ್ ಡೇ’ ಅನ್ನುವುದು ಸೊಗಸಲ್ಲ. ‘ವಾಸ್ ಏಬಲ್ ಟು ಕ್ಯಾರಿ’ ಅನ್ನಿ. ಇನ್ನೂ ಸುಲಭ ‘ಕ್ಯಾರೀಡ್’. ನಿಜ ಹೇಳಬೇಕೆಂದರೆ ಎಷ್ಟೋ ಸಲ ಸಾದಾ ಭೂತಕಾಲವೇ ಚೆಂದ. ‘ನಿನ್ನೆ ರೈಲು ಸಿಕ್ತು’ ಅನ್ನಲು ‘ಐ ಕಾಟ್ ದಿ ಟ್ರೇನ್’ ಸಾಕು, ಅಲ್ಲಿ ಏಬಲ್ ಎಳೆದು ತರಬೇಕಿಲ್ಲ.

‘ಇಲ್ಲ’ ಅನ್ನುವಾಗ ಈ ರಗಳೆಯೇ ಇಲ್ಲ. ‘ಆಗ್ತಿರಲಿಲ್ಲ’ ಆದರೂ ‘ಆಗಲಿಲ್ಲ’ ಆದರೂ ‘ಕುಡಂಟ್’ ಸರಿ: ‘ಐ ಕುಡಂಟ್ ಕ್ಯಾಚ್ ದಿ ಟ್ರೇನ್.’ ನೋಡುವ, ಕೇಳುವ ಕ್ರಿಯೆಗಳಿಗೂ ಒಂದೇ ಸಲದ ಘಟನೆಯಲ್ಲಿ ಕುಡ್ ನಡೆಯುತ್ತದೆ: ‘ಐ ಕುಡ್ ಹಿಯರ್ ದಿ ಬ್ಯಾಂಡ್ ಫ್ರಮ್ ಮೈ ಟೆರೇಸ್.’

ನಾಲ್ಕನೇ ಹೆಜ್ಜೆ: ‘ಬಹುದು’ವನ್ನು ಬಿಡಿಸಿ ನೋಡುವುದು

ಇದೇ ಮುಖ್ಯ ಭಾಗ, ನಿಧಾನವಾಗಿ ಓದಿ. ಮಂಡ್ಯದವರಿಗೆ ಮಳೆಗಾಲದಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಸುದ್ದಿ ಕೆಆರ್‌ಎಸ್ ನೀರಿನ ಮಟ್ಟ. ಗರಿಷ್ಠ ಮಟ್ಟ 124.80 ಅಡಿ, ಇಲ್ಲಿ ಮಕ್ಕಳಿಗೂ ಈ ಸಂಖ್ಯೆ ಗೊತ್ತು. ಈಗ ಮೂರು ವಾಕ್ಯ:

‘ಅಣೆಕಟ್ಟೆಯಲ್ಲಿ 124.80 ಅಡಿವರೆಗೆ ನೀರು ನಿಲ್ಲಿಸಬಹುದು.’ ಕಟ್ಟೆಗಿರುವ ಶಕ್ತಿ ಇದು. ‘ದಿ ಡ್ಯಾಮ್ ಕ್ಯಾನ್ ಹೋಲ್ಡ್ ವಾಟರ್ ಅಪ್ ಟು 124.80 ಫೀಟ್.’

‘ಕೊಡಗಲ್ಲಿ ಮಳೆ ಜೋರಾದರೆ ಜುಲೈನಲ್ಲೇ ತುಂಬಬಹುದು.’ ಯಾವುದೇ ಒಂದು ವರ್ಷದ ಮಾತಲ್ಲ, ಹಾಗೆ ಆಗುವುದುಂಟು ಎಂಬ ಸಾಮಾನ್ಯ ಮಾತು. ಇಲ್ಲೂ ಕ್ಯಾನ್: ‘ದಿ ಡ್ಯಾಮ್ ಕ್ಯಾನ್ ಫಿಲ್ ಆ್ಯಸ್ ಅರ್ಲಿ ಆ್ಯಸ್ ಜುಲೈ.’

‘ಈ ಸಲ ಮುಂದಿನ ವಾರ ತುಂಬಬಹುದು.’ ಇದು ಊಹೆ. ತುಂಬೀತು, ತುಂಬದೆಯೂ ಹೋದೀತು. ಇಲ್ಲಿ ಕ್ಯಾನ್ ಬರಕೂಡದು. ‘ದಿ ಡ್ಯಾಮ್ ಮೈಟ್ ಫಿಲ್ ನೆಕ್ಸ್ಟ್ ವೀಕ್’, ಅಥವಾ ಮೇ, ಅಥವಾ ಕುಡ್.

ನನ್ನ ಲಾರಿ ಮೂರನೆಯ ಸಾಲಿನದ್ದು, ನಾನು ಹತ್ತಿಸಿದ್ದು ಮೊದಲನೆಯ ಸಾಲಿಗೆ. ‘ಇಟ್ ಕ್ಯಾನ್ ರೇನ್ ಟುಮಾರೊ’ ಎಂಬುದೂ ಇದೇ ತಪ್ಪು. ‘ಇಟ್ ಮೈಟ್ ರೇನ್ ಟುಮಾರೊ’ ಆಗಬೇಕು.

ಗುರುತಿಸುವುದು ಹೇಗೆ? ‘ಬಹುದು’ ಇರುವಲ್ಲಿ ‘-ವುದುಂಟು’ ಹಾಕಿ ನೋಡಿ. ‘ಜುಲೈನಲ್ಲೇ ತುಂಬುವುದುಂಟು’ ಸರಿಹೊಂದಿತು, ಕ್ಯಾನ್. ‘ಮುಂದಿನ ವಾರ ತುಂಬುವುದುಂಟು’ ಹೊಂದಲಿಲ್ಲ, ಮೈಟ್. ಇನ್ನೊಂದು ಉರೆಗಲ್ಲೂ ಇದೆ. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಸಂಭಾವನಾರ್ಥಕ ರೂಪ ಓದಿದ್ದು ನೆನಪಿದೆಯೇ? ಬಂದಾನು, ಬಂದಾಳು, ಬಂದೀತು. ಪರೀಕ್ಷೆ ಮುಗಿದಮೇಲೆ ಮರೆತೆವು ಅಂದುಕೊಂಡಿದ್ದೇವೆ, ಮರೆತಿಲ್ಲ. ಮಗು ಜಗಲಿ ಅಂಚಿಗೆ ಹೋದರೆ ಅಜ್ಜಿ ‘ಬಿದ್ದೀಯ, ಹುಷಾರು!’ ಅನ್ನುತ್ತಾರಲ್ಲ, ಅದೇ ‘ಯು ಮೈಟ್ ಫಾಲ್’. ‘ಬಿದ್ದೀಯ’ ಅನ್ನಬಹುದಾದ ಕಡೆಯೆಲ್ಲ ಮೈಟ್ ಹಾಕಬಹುದು.

ಮೇ, ಮೈಟ್, ಕುಡ್ ಮೂರರಲ್ಲಿ ಯಾವುದು? ಇಷ್ಟಿಷ್ಟು ಪರ್ಸೆಂಟ್ ಗ್ಯಾರಂಟಿ ಅಂತ ಪಟ್ಟಿ ಕೊಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಇವತ್ತಿನ ಇಂಗ್ಲಿಷಿನಲ್ಲಿ ಮೂರರ ನಡುವೆ ಕೂದಲೆಳೆಯ ಅಂತರ. ಮೈಟ್ ಒಂದು ಎಳೆ ಹೆಚ್ಚು ಅನುಮಾನದ್ದು ಅಂತ ಕೆಲವರ ಕಿವಿ ಹೇಳುತ್ತದೆ. ಮೇ ಕಾಗದಪತ್ರದ ಗಾಂಭೀರ್ಯದ್ದು. ಜೊತೆಗೆ ಅನುಮತಿಯ ಅರ್ಥವೂ ಅದಕ್ಕಿರುವುದರಿಂದ ‘ಹಿ ಮೇ ಗೋ’ ಅಂದರೆ ‘ಹೋಗಬಹುದು, ಬಿಟ್ಟಿದ್ದೇನೆ’ ಎಂದೋ ‘ಹೋದಾನು’ ಎಂದೋ ತಿಳಿಯದು. ಹಾಗಾಗಿ ಮಾತಿನಲ್ಲಿ ಮೈಟ್ ಹಿಡಿಯಿರಿ ಅಂತ ನನ್ನ ಸಲಹೆ. ಪ್ರಶ್ನೆ ಕೇಳುವಾಗ ಮಾತ್ರ ಕುಡ್: ‘ಮಳೆ ಬಂದೀತಾ?’ ಎಂಬುದಕ್ಕೆ ‘ಕುಡ್ ಇಟ್ ರೇನ್?’ ಸರಿ, ‘ಮೇ ಇಟ್ ರೇನ್?’ ಎಂದು ಯಾರೂ ಕೇಳುವುದಿಲ್ಲ.

ವಾಟ್ಸ್ಯಾಪ್ ಬರವಣಿಗೆಯಲ್ಲಿ ಹೆಚ್ಚಾಗಿ ಎಡವುವುದು ಮೇಬಿ ಮತ್ತು ಮೇ ಬಿ. ಕೂಡಿಸಿ ಬರೆದರೆ ‘ಬಹುಶಃ’, ಬಿಡಿಸಿ ಬರೆದರೆ ‘ಇರಬಹುದು’. ‘ಮೇಬಿ ಹಿ ಈಸ್ ಇನ್ ಮದ್ದೂರು’ ಮತ್ತು ‘ಹಿ ಮೇ ಬಿ ಇನ್ ಮದ್ದೂರು’ ಎರಡೂ ಸರಿ. ‘ಹಿ ಮೇ ಬಿ ಕಮ್ಸ್’ ಯಾವ ಲೆಕ್ಕಕ್ಕೂ ಸಿಗದು.

ಐದನೇ ಹೆಜ್ಜೆ: ಇಲ್ಲ ಅನ್ನುವ ಬಗೆ

‘ಅವರು ಮನೇಲಿ ಇಲ್ಲದೇ ಇರಬಹುದು’ ಮತ್ತು ‘ಅವರು ಮನೇಲಿ ಇರೋಕೆ ಸಾಧ್ಯವೇ ಇಲ್ಲ’. ಮೊದಲನೆಯದು ಅನುಮಾನ: ‘ದೇ ಮೈಟ್ ನಾಟ್ ಬಿ ಅಟ್ ಹೋಮ್.’ ಎರಡನೆಯದು ಖಚಿತ: ‘ದೇ ಕಾಂಟ್ ಬಿ ಅಟ್ ಹೋಮ್’, ಗೇಟಿಗೆ ಬೀಗ ಹಾಕಿದ್ದನ್ನು ನೋಡಿ ಹೇಳುವ ಮಾತು. ಅದೇ ಗೇಟಿನ ಹೊರಗೆ ಚಪ್ಪಲಿ ಕಂಡರೆ ‘ಇರಲೇಬೇಕು’, ಅಂದರೆ ‘ದೇ ಮಸ್ಟ್ ಬಿ ಅಟ್ ಹೋಮ್’. ಗಮನಿಸಿ, ಮಸ್ಟ್‌ಗೆ ಎದುರಾಗಿ ನಿಲ್ಲುವುದು ಇಲ್ಲಿ ‘ಮಸ್ಟ್ ನಾಟ್’ ಅಲ್ಲ, ಕಾಂಟ್. ‘ಮಸ್ಟ್ ನಾಟ್’ ಸಾಮಾನ್ಯವಾಗಿ ‘ಬಾರದು’: ಮಾಡಬಾರದು, ಹೋಗಬಾರದು.

ಆರನೇ ಹೆಜ್ಜೆ: ಬರಬಹುದಿತ್ತು, ಬಂದಿರಬಹುದು

ಕನ್ನಡದಲ್ಲಿ ಕೊನೆಗೆ ‘ಇತ್ತು’ ಇದೆಯೋ ಇಲ್ಲವೋ ಎಂಬುದರ ಮೇಲೆ ಕಥೆ ಬದಲಾಗುತ್ತದೆ. ‘ಅವನು ಬರಬಹುದಿತ್ತು’ ಅಂದರೆ ಬರಲಿಲ್ಲ, ನಮಗೆ ಬೇಜಾರು: ‘ಹಿ ಕುಡ್ ಹ್ಯಾವ್ ಕಮ್.’ ‘ಅವನು ಬಂದಿರಬಹುದು’ ಅಂದರೆ ಗೊತ್ತಿಲ್ಲ, ಹೋಗಿ ನೋಡಬೇಕು: ‘ಹಿ ಮೈಟ್ ಹ್ಯಾವ್ ಕಮ್’ ಅಥವಾ ‘ಹಿ ಮೇ ಹ್ಯಾವ್ ಕಮ್.’ ‘ಬಂದಿರೋಕೆ ಸಾಧ್ಯ ಇಲ್ಲ’ ಅಂದರೆ ‘ಹಿ ಕಾಂಟ್ ಹ್ಯಾವ್ ಕಮ್’, ‘ಬಂದಿರಲೇಬೇಕು’ ಅಂದರೆ ‘ಹಿ ಮಸ್ಟ್ ಹ್ಯಾವ್ ಕಮ್.’ ಹ್ಯಾವ್ ಇಲ್ಲಿ ಬದಲಾಗುವುದಿಲ್ಲ, ‘ಹಿ ಮೈಟ್ ಹ್ಯಾಸ್’ ಆಗದು. ಹ್ಯಾವ್ ಆದಮೇಲೆ ಕ್ರಿಯಾಪದದ ಮೂರನೇ ರೂಪ: ಗಾನ್, ಸೀನ್, ಟೇಕನ್.

ಬೇಜಾರಿಗೆ ಕುಡ್ ಹ್ಯಾವ್, ಊಹೆಗೆ ಮೈಟ್ ಹ್ಯಾವ್ ಎಂದು ಮೊದಲು ಹಿಡಿದುಕೊಳ್ಳಿ. ಕುಡ್ ಹ್ಯಾವ್ ಊಹೆಗೂ ಬರುತ್ತದೆ, ಅದು ಓದುತ್ತಾ ಓದುತ್ತಾ ತಿಳಿಯುತ್ತದೆ. ಇಲ್ಲಿ ಹ್ಯಾವ್ ಬಿಟ್ಟು ‘ಯು ಕುಡ್ ಟೆಲ್ ಮಿ’ ಅಂದರೆ ‘ಹೇಳಬಹುದಿತ್ತು’ ಆಗುವುದಿಲ್ಲ, ‘ಬೇಕಿದ್ದರೆ ಹೇಳಬಹುದು’ ಆಗುತ್ತದೆ. ಸಿಟ್ಟು ತೋರಿಸಲು ಹೋಗಿ ವಿನಂತಿ ಮಾಡಿದಂತೆ.

ಫೋನಿನಲ್ಲಿ ಕ್ಯಾನ್, ಕಾಂಟ್

ಕಳೆದ ವರ್ಷ ಅಣಕು ಸಂದರ್ಶನ ಮಾಡಿಸುತ್ತಿದ್ದಾಗ ಮಳವಳ್ಳಿ ಕಡೆಯ ಹುಡುಗಿಯೊಬ್ಬಳನ್ನು ಫೋನಿನಲ್ಲಿ ಕೇಳಿದೆ, ‘ಕ್ಯಾನ್ ಯು ವರ್ಕ್ ನೈಟ್ ಶಿಫ್ಟ್ಸ್?’ ‘ಐ ಕ್ಯಾನ್ ವರ್ಕ್ ಸಾರ್’ ಅಂದಳು. ನನಗೆ ಕೇಳಿಸಿದ್ದು ‘ಕ್ಯಾಂಟ್’. ‘ಯಾಕಮ್ಮ, ಆಗಲ್ವಾ?’ ಅಂದೆ. ‘ಅಯ್ಯೋ ಆಯ್ತದೆ ಸಾರ್, ಆಯ್ತದೆ ಅಂತ್ಲೇ ಅಂದಿದ್ದು!’

ಇಬ್ಬರದೂ ತಪ್ಪಲ್ಲ. ಇಂಗ್ಲಿಷಿನವರು ವಾಕ್ಯದ ಮಧ್ಯೆ ಕ್ಯಾನ್ ಅನ್ನು ಒತ್ತುವುದೇ ಇಲ್ಲ, ‘ಐ ಕನ್ ವರ್ಕ್’ ಎಂದು ತೇಲಿಸಿ ಒತ್ತನ್ನು ‘ವರ್ಕ್’ ಮೇಲೆ ಹಾಕುತ್ತಾರೆ. ಒತ್ತಿ ಹೇಳುವುದು ‘ಇಲ್ಲ’ ಅನ್ನುವಾಗ. ನಾವು ಎರಡನ್ನೂ ಒಂದೇ ಸಮ ಒತ್ತಿದರೆ ಫೋನಿನಲ್ಲಿ ಕೊನೆಯ ‘ಟ್’ ಇದೆಯೋ ಇಲ್ಲವೋ ಗೊತ್ತಾಗದು. ಎರಡು ಉಪಾಯ: ಹೌದು ಅನ್ನುವಾಗ ಮೊದಲು ‘ಯೆಸ್’ ಹಚ್ಚಿ, ‘ಯೆಸ್, ಐ ಕ್ಯಾನ್’. ಇಲ್ಲ ಅನ್ನುವಾಗ ಕಾಂಟ್ ಬಿಟ್ಟು ‘ಕೆನಾಟ್’ ಅನ್ನಿ.

ಅಭ್ಯಾಸ

ಒಂದು ವಾರ ಹೀಗೆ ಮಾಡಿ. ದಿನದಲ್ಲಿ ನಿಮ್ಮ ಬಾಯಿಂದಲೋ ಮನೆಯವರ ಬಾಯಿಂದಲೋ ಬಂದ ಐದು ಮಾತನ್ನು, ‘ಬಹುದು’, ‘ಆಗುತ್ತೆ’, ‘ಬರುತ್ತೆ’ ಇರುವಂಥವನ್ನು, ಆಡಿದ ಹಾಗೇ ಬರೆದಿಡಿ. ರಾತ್ರಿ ಇಂಗ್ಲಿಷ್ ಮಾಡಿ. ಪುಸ್ತಕದ ವಾಕ್ಯ ಬೇಡ, ಅದರಲ್ಲಿ ಅನುಮಾನವೇ ಇರುವುದಿಲ್ಲ. ಶುರುವಿಗೆ ಕೆಲವು, ಉತ್ತರದ ಸಮೇತ. ಮೊದಲು ಉತ್ತರವನ್ನು ಕೈಯಲ್ಲಿ ಮುಚ್ಚಿಕೊಳ್ಳಿ.

‘ಅಮ್ಮಂಗೆ ಸ್ಕೂಟರ್ ಓಡಿಸೋಕೆ ಬರುತ್ತೆ.’ ಅಮ್ಮ ಕ್ಯಾನ್ ರೈಡ್ ಎ ಸ್ಕೂಟರ್.

‘ಮಾರ್ಕೆಟ್ಟಲ್ಲಿ ಹಬ್ಬದ ದಿನ ಮಲ್ಲಿಗೆ ರೇಟು ಡಬಲ್ ಆಗೋದುಂಟು.’ ಜಾಸ್ಮಿನ್ ಪ್ರೈಸಸ್ ಕ್ಯಾನ್ ಡಬಲ್ ಆನ್ ಫೆಸ್ಟಿವಲ್ ಡೇಸ್.

‘ನಿನ್ನೆ ಹೇಗೋ ಫಾರ್ಮ್ ತುಂಬೋಕಾಯ್ತು.’ ಐ ವಾಸ್ ಏಬಲ್ ಟು ಫಿಲ್ ಇನ್ ದಿ ಫಾರ್ಮ್ ಯೆಸ್ಟರ್‌ಡೇ.

‘ಫೋನಾದ್ರೂ ಮಾಡಬಹುದಿತ್ತಲ್ಲ ನೀನು!’ ಯು ಕುಡ್ ಅಟ್ ಲೀಸ್ಟ್ ಹ್ಯಾವ್ ಕಾಲ್ಡ್!

‘ಅಂಗಡಿ ಮುಚ್ಚಿರಬಹುದು ಈಗ.’ ದಿ ಶಾಪ್ ಮೈಟ್ ಬಿ ಕ್ಲೋಸ್ಡ್ ಬೈ ನೌ.

‘ಲಾರಿ ನಾಳೆ ಬರಬಹುದು, ಬರದೇನೂ ಇರಬಹುದು. ಬೆಳಗ್ಗೆ ಒಂಬತ್ತಕ್ಕೆ ಖಚಿತವಾಗಿ ಹೇಳೋಕಾಗುತ್ತೆ. ಅಲ್ಲಿವರೆಗೆ ಹಮಾಲಿಗಳನ್ನ ಕರೀಬೇಡಿ.’ ದಿ ಲಾರಿ ಮೈಟ್ ಆರ್ ಮೈಟ್ ನಾಟ್ ರೀಚ್ ಟುಮಾರೊ. ವಿ ವಿಲ್ ಬಿ ಏಬಲ್ ಟು ಕನ್ಫರ್ಮ್ ಅಟ್ ನೈನ್ ಇನ್ ದಿ ಮಾರ್ನಿಂಗ್. ಪ್ಲೀಸ್ ಡೋಂಟ್ ಕಾಲ್ ದಿ ಲೋಡರ್ಸ್ ಅಂಟಿಲ್ ದೆನ್.